ಟಾಕೀಸಿಗೆ ಹೋಗೋಣವೇ, ಮನೆಯಲ್ಲೇ ನೋಡೋಣವೇ?



ನಿಮಗೊಂದು ಪ್ರಶ್ನೆ. ನೀವು ಚಿತ್ರಮಂದಿರಕ್ಕೆ ಹೋಗಿ ಕೊನೆಯದಾಗಿ ನೋಡಿದ ಕನ್ನಡ ಚಿತ್ರ ಯಾವುದು? ಉತ್ತರ ಹೇಳುವ ಮೊದಲು ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡುತ್ತೇನೆ. ಅದನ್ನು ಕನ್ನಡದಲ್ಲಿ ನೋಡಿದಿರೋ, ಹಿಂದಿಯಲ್ಲಿ ನೋಡಿದಿರೋ? 'ಕೆ.ಜಿ.ಎಫ್.', 'ಕಾಂತಾರ' ಎಂದು ಥಟ್ಟನೆ ಹೇಳುವವರು ಕೂಡ ಎರಡನೆಯ ಪ್ರಶ್ನೆಗೆ ತುಸು ತಡವರಿಸುವುದುಂಟು. "ನಮ್ಮ ಹತ್ತಿರದ ಥಿಯೇಟರಿನಲ್ಲಿ ಹಿಂದಿ ಷೋ ಮಾತ್ರ ಇತ್ತು" ಎಂಬುದು ಒಂದು ಉತ್ತರ. "ಅಷ್ಟು ದೂರ ಯಾಕೆ ಹೋಗಬೇಕು? ತಿಂಗಳಾದರೆ ಮೊಬೈಲಿನಲ್ಲೇ ಬರುತ್ತದಲ್ಲ" ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡನೆಯ ಮಾತನ್ನು ಬಹಳ ಜನ ಆಡಿದ್ದರಿಂದಲೇ ಮೊದಲನೆಯ ಪರಿಸ್ಥಿತಿ ಬಂದಿದೆಯೋ ಏನೋ ಎಂದು ಯೋಚಿಸಬೇಕಾಗಿದೆ. ಸಿನಿಮಾವನ್ನು ಟಾಕೀಸಿಗೆ ಹೋಗಿ ನೋಡುವುದರಲ್ಲಿ ಇನ್ನೂ ಸುಖವಿದೆಯೇ ಎಂಬ ಚರ್ಚೆ ಎಲ್ಲ ಊರುಗಳಲ್ಲೂ ನಡೆಯುತ್ತಿದೆ. ಮುಂಬಯಿಯಂಥ ಹೊರನಾಡಿನಲ್ಲಿರುವ ನಮಗೆ ಈ ಚರ್ಚೆಯಲ್ಲಿ ಇನ್ನೊಂದು ಎಳೆಯೂ ಸೇರಿಕೊಂಡಿದೆ.

ಮನೆಯ ಪರವಾಗಿ ಎರಡು ಮಾತು

ಮೊದಲು ಮನೆಯ ಪರವಾಗಿ ಹೇಳಬೇಕಾದದ್ದನ್ನು ಪ್ರಾಮಾಣಿಕವಾಗಿ ಹೇಳಿಬಿಡೋಣ. ಡೊಂಬಿವಲಿಯ ನಾಲ್ಕು ಜನರ ಕುಟುಂಬವೊಂದು ಭಾನುವಾರ ಸಂಜೆ ಮಲ್ಟಿಪ್ಲೆಕ್ಸಿಗೆ ಹೊರಟಿತೆನ್ನಿ. ನಾಲ್ಕು ಟಿಕೆಟು, ಆನ್‌ಲೈನ್ ಬುಕಿಂಗಿನ ಶುಲ್ಕ, ಹೋಗಿಬರುವ ರಿಕ್ಷಾ, ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್. ಲೆಕ್ಕ ಹಾಕಿದರೆ ಸಾವಿರ ರೂಪಾಯಿ ದಾಟಲು ಹೆಚ್ಚು ಹೊತ್ತು ಬೇಡ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟಿನ ಮೇಲೆ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆ, ನಿಜ. ಆದರೆ ಅದಕ್ಕಿಂತ ಮೇಲಿನ ಟಿಕೆಟಿಗೆ ತೆರಿಗೆ ಶೇ. 18. ನಮ್ಮ ಮಲ್ಟಿಪ್ಲೆಕ್ಸುಗಳಲ್ಲಿ ನೂರರ ಒಳಗಿನ ಟಿಕೆಟು ಸಿಗುವುದು ಎಷ್ಟು ಅಪರೂಪವೆಂದು ನಿಮಗೇ ಗೊತ್ತು. ಕರ್ನಾಟಕ ಸರಕಾರ ಅದೇ ತಿಂಗಳು ಟಿಕೆಟಿನ ಗರಿಷ್ಠ ದರ 200 ರೂಪಾಯಿ ಎಂದು ನಿಗದಿಪಡಿಸಿತು. ಕೆಲವೇ ದಿನಗಳಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ಹೀಗಾಗಿ ದರದ ದೂರು ಹೊರನಾಡಿನವರದ್ದು ಮಾತ್ರವಲ್ಲ, ಊರಿನವರದ್ದೂ ಹೌದು.

ಮನೆಯಲ್ಲಿ ಬೇರೆ ಅನುಕೂಲಗಳೂ ಇವೆ. ಮಂಡಿ ನೋವಿನ ಅಜ್ಜಿ ಮೆಟ್ಟಿಲು ಹತ್ತಬೇಕಾಗಿಲ್ಲ. ಅರ್ಥವಾಗದ ಕನ್ನಡ ಮಾತೊಂದು ಬಂದರೆ ಅಲ್ಲೇ ನಿಲ್ಲಿಸಿ ಅಮ್ಮನನ್ನು ಕೇಳಬಹುದು. 1972ರ 'ಬಂಗಾರದ ಮನುಷ್ಯ', 'ನಾಗರಹಾವು', 1977ರ 'ಘಟಶ್ರಾದ್ಧ' ಇವನ್ನೆಲ್ಲ ನಮ್ಮ ಬಡಾವಣೆಯ ಯಾವ ಚಿತ್ರಮಂದಿರ ಮತ್ತೆ ಹಾಕೀತು? ಹಳೆಯ ಕನ್ನಡ ಚಿತ್ರಗಳಿಗೆ ಈಗ ಮನೆಯೇ ಟಾಕೀಸು. ಚಿತ್ರಮಂದಿರದಲ್ಲಿ ಕಾಟ ಕೊಡುವವರೂ ಇಲ್ಲದಿಲ್ಲ. ಮುಂದಿನ ಸಾಲಿನಲ್ಲಿ ಮೊಬೈಲಿನ ಬೆಳಕು, ಹಿಂದಿನ ಸಾಲಿನಲ್ಲಿ ಮನೆಪುರಾಣ. ಇದನ್ನೆಲ್ಲ ಸಹಿಸಿಕೊಳ್ಳಲು ದುಡ್ಡನ್ನೂ ಕೊಡಬೇಕೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ.

ಹಳೆಯ ಜಗಳ

ಹಾಗೆ ನೋಡಿದರೆ ಈ ಜಗಳ ಇಂದಿನದಲ್ಲ. ನೀವು ಬೆಳೆದ ಮುಂಬಯಿ ಭಾರತದ ಚಲನಚಿತ್ರದ ತೊಟ್ಟಿಲು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ನಮ್ಮ ದೇಶದಲ್ಲಿ ಮೊದಲು ತೋರಿಸಿದ್ದು ಇಲ್ಲಿನ ವಾಟ್ಸನ್ ಹೋಟೆಲಿನಲ್ಲಿ. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡದ್ದು ಗಿರ್‌ಗಾಂವ್‌ನ ಕೊರೊನೇಶನ್‌ನಲ್ಲಿ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ ಎಲ್ಲಿ ತಯಾರಾಯಿತು ಗೊತ್ತೇ? 1934ರಲ್ಲಿ ತೆರೆಕಂಡ ವೈ. ವಿ. ರಾವ್ ನಿರ್ದೇಶನದ 'ಸತಿ ಸುಲೋಚನಾ' ಸಿದ್ಧವಾದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ಕನ್ನಡ ಸಿನಿಮಾ ಮಾತು ಕಲಿತದ್ದೇ ಇಂದಿನ ಮಹಾರಾಷ್ಟ್ರದ ನೆಲದಲ್ಲಿ ಎಂದು ನಿಮ್ಮ ಮರಾಠಿ ಗೆಳೆಯರಿಗೆ ಹೆಮ್ಮೆಯಿಂದ ಹೇಳಬಹುದು.

ಮನೆಗೆ ಟಿ.ವಿ. ಬಂದಾಗ ಟಾಕೀಸಿನ ಕಾಲ ಮುಗಿಯಿತೆಂದರು. ವೀಡಿಯೋ ಕ್ಯಾಸೆಟ್ ಬಂದಾಗ ಅದನ್ನೇ ಮತ್ತೆ ಹೇಳಿದರು. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಚಿತ್ರ ತೋರಿಸುತ್ತಿತ್ತು. ಕನ್ನಡದ ಸರದಿ ಬಂದ ದಿನ ಊಟ ಬೇಗ ಮುಗಿಸಿ ನೆರೆಮನೆಯವರೂ ಬಂದು ಕೂರುತ್ತಿದ್ದುದನ್ನು ನಿಮ್ಮ ತಂದೆ ತಾಯಿಯರನ್ನು ಕೇಳಿ ನೋಡಿ. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಕನ್ನಡ ಚಿತ್ರಕ್ಕಾಗಿ ಸರದಿ ಕಾಯುವ ಕಷ್ಟವೂ ತಪ್ಪಿತು.

ಇಷ್ಟಾದರೂ ಟಾಕೀಸು ಸಾಯಲಿಲ್ಲ, ಆದರೆ ರೂಪ ಬದಲಿಸಿತು. 1997ರಲ್ಲಿ ದಿಲ್ಲಿಯ ಸಾಕೇತ್‌ನಲ್ಲಿ ಪಿ.ವಿ.ಆರ್. ಅನುಪಮ್ ಆರಂಭವಾದ ಮೇಲೆ ದೇಶದಲ್ಲಿ ಮಲ್ಟಿಪ್ಲೆಕ್ಸುಗಳ ಯುಗ ಶುರುವಾಯಿತು. ಬಾಲ್ಕನಿ, ಗಾಂಧಿ ಕ್ಲಾಸುಗಳಿದ್ದ ದೊಡ್ಡ ಚಿತ್ರಮಂದಿರಗಳು ಒಂದೊಂದಾಗಿ ಹೋದವು. ಬೆಂಗಳೂರಿನಲ್ಲಿ ಕಪಾಲಿ 2017ರಲ್ಲಿ, ಕಾವೇರಿ 2024ರಲ್ಲಿ ಇತಿಹಾಸ ಸೇರಿದವು. 2020ರಲ್ಲಿ ಕೊರೋನಾದಿಂದ ಬಾಗಿಲುಗಳೆಲ್ಲ ಮುಚ್ಚಿದ್ದಾಗ, ಆ ವರ್ಷದ ಜುಲೈಯಲ್ಲಿ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಎರಡು ಕನ್ನಡ ಚಿತ್ರಗಳು ಟಾಕೀಸಿನ ಮುಖವನ್ನೇ ನೋಡದೆ ನೇರವಾಗಿ ಮನೆಗೆ ಬಂದವು. ಹಿಂದೆಲ್ಲ ಟಾಕೀಸು ಮುಗಿಸಿ ಉಳಿದದ್ದು ಮನೆಗೆ ಬರುತ್ತಿತ್ತು. ಈಗ ಟಾಕೀಸು ಇಲ್ಲದೆಯೂ ಸಿನಿಮಾ ಇರಬಹುದು ಎಂದಾಯಿತು. ಹಳೆಯ ಜಗಳ ಹೊಸ ತಿರುವು ಪಡೆದದ್ದು ಇಲ್ಲಿ.

ಟಾಕೀಸು ಕೊಡುವುದೇನು?

ಒಂದು ಸಣ್ಣ ಲೆಕ್ಕ ನೋಡಿ. ಸಿನಿಮಾಸ್ಕೋಪ್ ಚಿತ್ರದ ಅಗಲ ಅದರ ಎತ್ತರದ ಸುಮಾರು 2.39 ಪಟ್ಟು. ಮನೆಯ ಟಿ.ವಿ.ಯ ಅಗಲ ಎತ್ತರದ 1.78 ಪಟ್ಟು ಮಾತ್ರ. ಅಂಥ ಚಿತ್ರ ಹಾಕಿದಾಗ ಟಿ.ವಿ.ಯ ಮೇಲೂ ಕೆಳಗೂ ಕಪ್ಪು ಪಟ್ಟಿ ಕಾಣುವುದು ಅದಕ್ಕೇ. ನೀವು ದುಡ್ಡು ಕೊಟ್ಟು ತಂದ ಟಿ.ವಿ.ಯ ಕಾಲು ಭಾಗ ಆಗ ಖಾಲಿ ಬಿದ್ದಿರುತ್ತದೆ. ಮೊಬೈಲಿನಲ್ಲಂತೂ ಪಶ್ಚಿಮಘಟ್ಟದ ಕಾಡು ಅಂಗೈಯಗಲಕ್ಕೆ ಇಳಿಯುತ್ತದೆ.

ಇನ್ನು ಶಬ್ದ. ತೆಳ್ಳಗಿನ ಟಿ.ವಿ.ಯ ಪುಟ್ಟ ಸ್ಪೀಕರು ತಗ್ಗಿನ ನಾದವನ್ನು ಸರಿಯಾಗಿ ಹೊರಡಿಸಲಾರದು. ಚಿತ್ರಮಂದಿರದಲ್ಲಿ ತೆರೆಯ ಹಿಂದೆ, ಅಕ್ಕಪಕ್ಕದ ಗೋಡೆಗಳಲ್ಲಿ, ಬೆನ್ನ ಹಿಂದೆ ಬೇರೆ ಬೇರೆ ಸ್ಪೀಕರುಗಳಿರುತ್ತವೆ. ತಗ್ಗಿನ ನಾದಕ್ಕೆಂದೇ ದೊಡ್ಡ ಸ್ಪೀಕರು ಬೇರೆ. 'ಕಾಂತಾರ'ದ ಕೊನೆಯಲ್ಲಿ ದೈವದ ಆ ಕೂಗು ಎದೆಗೆ ತಾಗಿದ್ದು ಇದರಿಂದ. ಅಂದ ಹಾಗೆ, 2022ರ ನವೆಂಬರ್ 24ರಂದು ಆ ಚಿತ್ರ ಪ್ರೈಮ್ ವಿಡಿಯೋಗೆ ಬಂದಾಗ ಹಕ್ಕಿನ ವಿವಾದದ ಕಾರಣ 'ವರಾಹ ರೂಪಂ' ಹಾಡಿನ ಧಾಟಿಯನ್ನೇ ಬದಲಿಸಿದ್ದರು. ಮೂಲ ಹಾಡು ಮರಳಿ ಬಂದದ್ದು ಆಮೇಲೆ. ಮನೆಯಲ್ಲೇ ನೋಡೋಣವೆಂದು ಎಂಟು ವಾರ ಕಾದವರಿಗೆ ಮೊದಲ ದಿನ ಸಿಕ್ಕಿದ್ದು ಟಾಕೀಸಿನವರು ಕೇಳಿದ ಹಾಡಲ್ಲ!

ಮೂರನೆಯದು ಗಮನ. ಮನೆಯಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಚಿತ್ರ ನಿಲ್ಲುತ್ತದೆ, ಕೊರಿಯರ್‌ನವನು ಬಂದನೆಂದು ನಿಲ್ಲುತ್ತದೆ. ಹೀರೋ ಅಳುತ್ತಿರುವಾಗ ವಾಟ್ಸಪ್ಪಿನಲ್ಲಿ ಯಾರೋ ನಗುತ್ತಾರೆ. ಟಾಕೀಸಿನ ಕತ್ತಲೆಯಲ್ಲಿ ಚಿತ್ರವನ್ನು ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಎರಡೂವರೆ ಗಂಟೆ ಒಂದೇ ಕಡೆ ಮನಸ್ಸಿಡುವುದು ಇಂದಿನ ದಿನಗಳಲ್ಲಿ ಸಣ್ಣ ಸುಖವೇನಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಜೊತೆಯವರ ನಗು. 2025ರ ಜುಲೈ 25ರಂದು ಜೆ. ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಬಿಡುಗಡೆಯಾಯಿತು. 'ಸುಲೋಚನಾ ಫ್ರಮ್ ಸೋಮೇಶ್ವರ' ಎಂಬುದರ ಮೊಟಕು ರೂಪ ಅದು. 'ಸತಿ ಸುಲೋಚನಾ' ಬಂದ 91 ವರ್ಷಗಳ ಬಳಿಕ ಇನ್ನೊಬ್ಬ ಸುಲೋಚನಾ! ಅಬ್ಬರದ ಪ್ರಚಾರವಿಲ್ಲದ ಆ ಚಿತ್ರ, ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಗೆದ್ದಿತು. ಕರಾವಳಿಯ ಹಳ್ಳಿಯೊಂದರ ದೆವ್ವದ ಹಾಸ್ಯವನ್ನು ಒಬ್ಬರೇ ಕೂತು ನೋಡಿದರೆ ಮುಗುಳ್ನಗು ಬರಬಹುದು. ಇನ್ನೂರು ಜನರ ನಡುವೆ ಕೂತರೆ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ.

ಹೊರನಾಡಿನ ವಿಚಾರ

ನಮ್ಮ ವಿಶೇಷ ಪರಿಸ್ಥಿತಿ ಇರುವುದು ಈ ನಗುವಿನಲ್ಲೇ. ಮುಂಬಯಿಯಲ್ಲಿ ನಿಮ್ಮ ಕನ್ನಡ ಎಲ್ಲಿ ಕೇಳುತ್ತದೆ? ಮನೆಯಲ್ಲಿ, ಸಂಘದ ಕಾರ್ಯಕ್ರಮದಲ್ಲಿ, ಯಕ್ಷಗಾನದ ಸಭಾಂಗಣದಲ್ಲಿ. ಅಲ್ಲೆಲ್ಲ ಇರುವವರು ಹೆಚ್ಚುಕಡಿಮೆ ಪರಿಚಿತರು. ಹೆಸರೂ ಗೊತ್ತಿಲ್ಲದ ನೂರಾರು ಜನ ಒಂದೇ ಕನ್ನಡ ಮಾತಿಗೆ ಒಂದೇ ಕ್ಷಣದಲ್ಲಿ ನಗುವ ಜಾಗ ಈ ಊರಿನಲ್ಲಿ ಚಿತ್ರಮಂದಿರ ಬಿಟ್ಟರೆ ಬಹಳ ಇಲ್ಲ. ಪಕ್ಕದ ಸೀಟಿನವರೂ ನಮ್ಮವರೇ ಎಂದು ತಿಳಿಯುವುದು ಆ ನಗುವಿನಿಂದ.

ಒಂದು ಕಾಲದಲ್ಲಿ ಕನ್ನಡ ಚಿತ್ರ ಇಲ್ಲಿಗೆ ಬರಬೇಕಾದರೆ ರೀಲುಗಳ ಡಬ್ಬ ಬರಬೇಕಿತ್ತು. ಒಂದೊಂದು ಪ್ರಿಂಟಿಗೂ ದೊಡ್ಡ ಖರ್ಚು. ಊರಿನಲ್ಲಿ ಓಡಿ ಮುಗಿದ ಪ್ರಿಂಟು ಸಿಕ್ಕಿದರೆ ಭಾಗ್ಯ. ದಕ್ಷಿಣದ ಚಿತ್ರಗಳಿಗೆ ಹೆಸರಾಗಿದ್ದ ಮಾತುಂಗದ ಅರೋರಾದಂಥ ಚಿತ್ರಮಂದಿರಗಳು ಬೆರಳೆಣಿಕೆಯಷ್ಟು. ಈಗ ಡಿಜಿಟಲ್ ಪ್ರದರ್ಶನ ಬಂದು ರೀಲೂ ಇಲ್ಲ, ಡಬ್ಬವೂ ಇಲ್ಲ. ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಮುಂಬಯಿ, ಪುಣೆಗಳಲ್ಲೂ ಚಿತ್ರ ತೆರೆಕಾಣಬಹುದು. ಪ್ರಿಂಟಿನ ಕೊರತೆ ನೀಗಿತು. ಈಗ ಕೊರತೆ ಇರುವುದು ಪ್ರೇಕ್ಷಕರದ್ದು.

ಮಲ್ಟಿಪ್ಲೆಕ್ಸಿನವರು ಷೋಗಳನ್ನು ವಾರವಾರಕ್ಕೆ ಹಂಚುತ್ತಾರೆ. ಶುಕ್ರ, ಶನಿ, ಭಾನುವಾರಗಳಲ್ಲಿ ಎಷ್ಟು ಸೀಟು ತುಂಬಿತೆಂದು ನೋಡಿ ಮುಂದಿನ ವಾರದ ಪಟ್ಟಿ ಮಾಡುತ್ತಾರೆ. ಹಿಂದಿ, ಮರಾಠಿ, ಇಂಗ್ಲಿಷ್, ಗುಜರಾತಿ ಚಿತ್ರಗಳ ಸಾಲಿನಲ್ಲಿ ಕನ್ನಡಕ್ಕೆ ಸಿಗುವುದು ಒಂದೋ ಎರಡೋ ಷೋ. ಅದೂ ಖಾಲಿಯಿದ್ದರೆ ಮರುವಾರ ಇರುವುದಿಲ್ಲ. ಇತ್ತ ದಕ್ಷಿಣದ ಭಾಷೆಗಳ ಚಿತ್ರಗಳು ನಾಲ್ಕು ವಾರಗಳಲ್ಲೇ ಮನೆಗೆ ಬರುವುದು ಸಾಮಾನ್ಯವಾಗಿದೆ. ಹಿಂದಿ ಚಿತ್ರಗಳಿಗಾದರೆ ದೊಡ್ಡ ಮಲ್ಟಿಪ್ಲೆಕ್ಸುಗಳು ಎಂಟು ವಾರಗಳ ಅಂತರ ಕೇಳುತ್ತವೆ. 2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ ಅಧ್ಯಾಯ 1' ಕನ್ನಡದಲ್ಲಿ ಅದೇ ತಿಂಗಳ 31ಕ್ಕೆ ಮನೆಗೆ ಬಂತು. ನೀವು ಕಾಯುವುದು ನಾಲ್ಕು ವಾರ. ಚಿತ್ರದ ಹಣೆಬರಹ ತೀರ್ಮಾನವಾಗುವುದು ಮೂರು ದಿನದಲ್ಲಿ.

ಹಿಂದಿಗೆ ಡಬ್ ಆದ ಕನ್ನಡ ಚಿತ್ರ ನೋಡಿದರೂ ಅದು ನಮ್ಮದೇ ಚಿತ್ರವಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಬಾಕ್ಸ್ ಆಫೀಸಿನ ಲೆಕ್ಕದಲ್ಲಿ ನಿಮ್ಮ ಮನೆಮಾತು ಯಾವುದೆಂದು ಬರೆದಿರುವುದಿಲ್ಲ. ನೀವು ಯಾವ ಭಾಷೆಯ ಷೋಗೆ ಟಿಕೆಟು ಕೊಂಡಿರೋ ಅದೇ ಲೆಕ್ಕ. ಥಾಣೆಯಲ್ಲಿ ಕನ್ನಡ ಷೋ ಬೇಕು ಎಂದು ಹೇಳುವ ಅರ್ಜಿ ಆ ಟಿಕೆಟು. ಜೊತೆಗೆ 'ಕಾಂತಾರ'ದ ಕುಂದಾಪುರ ಕಡೆಯ ಕನ್ನಡದ ಸೊಗಡು ಹಿಂದಿಗೆ ಹೇಗೆ ಇಳಿದೀತು? ಅಜ್ಜಿಯ ಬಾಯಲ್ಲಿ ಕೇಳಿದ ಮಾತನ್ನು ದೊಡ್ಡ ತೆರೆಯ ಮೇಲೆ ಕೇಳುವಾಗ ಆಗುವ ಪುಳಕವನ್ನು ಡಬ್ಬಿಂಗ್ ಕೊಡಲಾರದು.

ಹಾಗಾದರೆ ಏನು ಮಾಡೋಣ?

ಬಂದ ಕನ್ನಡ ಚಿತ್ರಗಳನ್ನೆಲ್ಲ ನೋಡಿ ಎಂದು ನಾನು ಹೇಳುವುದಿಲ್ಲ. ಅಭಿಮಾನಕ್ಕಾಗಿ ಕೆಟ್ಟ ಚಿತ್ರ ನೋಡಬೇಕಾಗಿಲ್ಲ. ಊರಿನ ಸೋದರ ಸಂಬಂಧಿಗಳಿಗೆ ಫೋನು ಮಾಡಿ ಚಿತ್ರ ಹೇಗಿದೆಯೆಂದು ಕೇಳಿ. ಚೆನ್ನಾಗಿದ್ದರೆ ಮಾತ್ರ ಹೋಗಿ. ಆದರೆ ಹೋಗುವುದಾದರೆ ಮೊದಲ ಶನಿವಾರ, ಭಾನುವಾರದೊಳಗೆ ಹೋಗಿ, ಕನ್ನಡ ಷೋಗೇ ಹೋಗಿ. ಸಂಘದ ಯುವ ವಿಭಾಗದವರು ಹತ್ತಿಪ್ಪತ್ತು ಜನ ಸೇರಿ ಒಟ್ಟಿಗೆ ಟಿಕೆಟು ತೆಗೆದರೆ ಒಂದು ಷೋ ಉಳಿದೀತು. ಬೆಳಗಿನ ಷೋಗಳ ದರ ಸಾಮಾನ್ಯವಾಗಿ ಕಡಿಮೆ, ಲೋಕಲ್ ಗಾಡಿಯಲ್ಲೂ ರಜಾದಿನ ಜಾಗವಿರುತ್ತದೆ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಲು ಅದೇ ಸೂಕ್ತ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಕಾಲೇಜಿನ ಮರಾಠಿ, ಗುಜರಾತಿ ಗೆಳೆಯರನ್ನೂ ಕರೆಯಿರಿ.

ಮನೆಯಲ್ಲಿ ನೋಡುವುದನ್ನೂ ಬಿಡಬೇಡಿ. ಆದರೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಮೊಬೈಲು ಹಿಡಿಯುವ ಬದಲು, ತಿಂಗಳಿಗೊಮ್ಮೆಯಾದರೂ ಎಲ್ಲರೂ ಒಂದೇ ಟಿ.ವಿ.ಯ ಮುಂದೆ ಕೂತು ಹಳೆಯ ಕನ್ನಡ ಚಿತ್ರವೊಂದನ್ನು ನೋಡಿ. ಆ ಚಿತ್ರವನ್ನು ತಾವು ಮೊದಲು ಯಾವ ಊರಿನ ಯಾವ ಟಾಕೀಸಿನಲ್ಲಿ ನೋಡಿದ್ದು ಎಂದು ಅಪ್ಪ ಅಮ್ಮ ತಾವಾಗಿಯೇ ಹೇಳತೊಡಗುತ್ತಾರೆ. ಆ ಕಥೆ ಕೆಲವೊಮ್ಮೆ ಚಿತ್ರದ ಕಥೆಗಿಂತ ಚೆನ್ನಾಗಿರುತ್ತದೆ.

ನಾಳೆ ನಿಮ್ಮ ಮಕ್ಕಳಿಗೂ ಹೇಳಲು ಅಂಥದೊಂದು ಕಥೆ ನಿಮ್ಮ ಬಳಿ ಇರಲಿ. ಮುಂದಿನ ಸಲ ಕನ್ನಡ ಚಿತ್ರವೊಂದು ನಿಮ್ಮ ಬಡಾವಣೆಗೆ ಬಂದಾಗ, ಬುಕಿಂಗ್ ಮಾಡುವ ಮೊದಲು ಭಾಷೆ ಯಾವುದೆಂದು ಒಮ್ಮೆ ನೋಡಿಕೊಳ್ಳಿ. ಆಮೇಲೆ ನಾಲ್ಕು ಗೆಳೆಯರಿಗೆ ಹೇಳಿ ಹೊರಡಿ.