ಮನೆಯಲ್ಲಿರುವ ಪ್ರೌಢಶಾಲಾ ಮಕ್ಕಳ ಬರವಣಿಗೆ: ಎರಡು ಪುಸ್ತಕಗಳ ಕ್ರಮ

ಶಾಲೆಗೆ ಬೀಗ ಬಿದ್ದ ದಿನಗಳಲ್ಲಿ ಮಕ್ಕಳ ಕಲಿಕೆಯಲ್ಲಿ ಮೊದಲು ನಿಲ್ಲುವುದು ಬರವಣಿಗೆ. ಕೇಳುವುದು ಹೇಗೋ ನಡೆಯುತ್ತದೆ, ಓದುವುದೂ ಅಲ್ಪಸ್ವಲ್ಪ ಸಾಗುತ್ತದೆ. ಬರೆಯಲು ಮಾತ್ರ ಒಂದು ಕಾರಣ ಬೇಕು, ಬರೆದದ್ದನ್ನು ಓದುವವರೊಬ್ಬರು ಬೇಕು. ಇವೆರಡೂ ಮನೆಯಲ್ಲಿ ತಾವಾಗಿ ಸಿಗುವುದಿಲ್ಲ. ದಸರಾ ರಜೆಯಿರಲಿ, ಬೇಸಿಗೆ ರಜೆಯಿರಲಿ, ಕಾಯಿಲೆಯಿಂದ ತಿಂಗಳುಗಟ್ಟಲೆ ಮನೆಯಲ್ಲುಳಿದ ಒಬ್ಬ ವಿದ್ಯಾರ್ಥಿಯಿರಲಿ, ತೊಂದರೆ ಒಂದೇ. ಅಭ್ಯಾಸ ಬೋಧನೆಗೆ ಬರುವ ಪ್ರಶಿಕ್ಷಣಾರ್ಥಿಗಳು ಇದಕ್ಕೇನು ಮಾಡುವುದೆಂದು ಕೇಳುತ್ತಿರುತ್ತಾರೆ. ಕನ್ನಡ ಶಿಕ್ಷಕಿಯಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಈ ಕ್ರಮ ರೂಪುಗೊಂಡದ್ದು ಕೋವಿಡ್ ಕಾಲದಲ್ಲಿ. 2020ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಜುಲೈ 19 ಮತ್ತು 22ರಂದು ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಓಎಂಆರ್ ಹಾಳೆಯಲ್ಲಿ ಗುರುತು ಮಾಡಿದರೆ ಸಾಕಿತ್ತು. ಅಂದಿನ ಪರಿಸ್ಥಿತಿಗೆ ಅದು ಸರಿಯೇ. ಆದರೆ ಅವರ ನಂತರದ ತಂಡವನ್ನು ನೆನೆಯಿರಿ. ಒಂಬತ್ತನೇ ತರಗತಿಯನ್ನು ಬಹುಪಾಲು ಮನೆಯಲ್ಲೇ ಕಳೆದ ಆ ಮಕ್ಕಳು 2022ರ ಮಾರ್ಚ್ 28ರಂದು ಪ್ರಥಮ ಭಾಷೆಯ ಪತ್ರಿಕೆಗೆ ಕುಳಿತು ಸುಮಾರು ಮೂರು ಗಂಟೆ ಕೈಯಲ್ಲಿ ಬರೆಯಬೇಕಿತ್ತು. ಉತ್ತರ ಗೊತ್ತಿದ್ದೂ ಎರಡನೇ ಪುಟಕ್ಕೆ ಕೈ ಸೋತು, ವಾಕ್ಯ ಅರ್ಧಕ್ಕೇ ನಿಲ್ಲುವ ಮಕ್ಕಳನ್ನು ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಕಂಡಿದ್ದೆವು.

ಆಗ ವಾಟ್ಸಾಪ್‌ನಲ್ಲಿ ಪ್ರಶ್ನೋತ್ತರ ಕಳಿಸಿ ‘ಬರೆದು ಫೋಟೋ ಹಾಕಿ’ ಎನ್ನುವುದು ಎಲ್ಲೆಡೆ ನಡೆಯುತ್ತಿತ್ತು. ನಲವತ್ತು ಫೋಟೋ ಬಂದರೂ ಉತ್ತರ ಒಂದೇ. ಕೊನೆಯವನ ಪುಸ್ತಕಕ್ಕೆ ಬರುವಷ್ಟರಲ್ಲಿ ಅದರಲ್ಲೊಂದಿಷ್ಟು ಅಕ್ಷರ ಬಿದ್ದುಹೋಗಿರುತ್ತಿದ್ದವು. ನಕಲು ಕೈಗೆ ವ್ಯಾಯಾಮ ಕೊಡುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅದು ಬರವಣಿಗೆಯಲ್ಲ. ಅಲ್ಲದೆ ಮನೆಯ ಒಂದೇ ಮೊಬೈಲು ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿದ್ದರೆ ಆ ಮಗುವಿಗೆ ಫೋಟೋವೂ ಇಲ್ಲ.

ಹಾಗಾಗಿ ಪ್ರತಿ ಮಗುವಿಗೂ ಎರಡು ನೂರು ಪುಟದ ಪುಸ್ತಕ. ಒಂದು ಮಗುವಿನ ಬಳಿ, ಇನ್ನೊಂದು ನನ್ನ ಬಳಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅದಲುಬದಲು. ಬಿಸಿಯೂಟದ ಬದಲು ಕೊಡುತ್ತಿದ್ದ ಅಕ್ಕಿ ಬೇಳೆ ಒಯ್ಯಲು ಪೋಷಕರು ಶಾಲೆಗೆ ಬಂದಾಗ ಪುಸ್ತಕವೂ ಅದೇ ಚೀಲದಲ್ಲಿ ಬಂದು ಹೋಗುತ್ತಿತ್ತು. ಈಗ ರಜೆಯಲ್ಲಿ ಹಾಲಿನ ಡೈರಿಯೋ ಊರಿನ ಅಂಗಡಿಯೋ ಆ ಕೆಲಸ ಮಾಡುತ್ತದೆ. ಒಬ್ಬ ಹಳೆಯ ವಿದ್ಯಾರ್ಥಿಗೆ ಜವಾಬ್ದಾರಿ ವಹಿಸಿದರೆ ಸಾಕು.

ಏನು ಬರೆಸುವುದು? ಎರಡು ಮನೆಗಳಲ್ಲಿ ಒಂದೇ ಉತ್ತರ ಬರಲಾರದಂಥ ಪ್ರಶ್ನೆ ಕೊಡಬೇಕು. ‘ರಾಷ್ಟ್ರೀಯ ಹಬ್ಬಗಳ ಮಹತ್ವ’ ಕೊಟ್ಟರೆ ಗೈಡಿನ ಪುಟ ಹಿಂದಿರುಗುತ್ತದೆ. ‘ನಿಮ್ಮ ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡುವ ಬಗೆಯನ್ನು, ತಿಳಿಯದವರು ಓದಿ ಮಾಡುವಂತೆ ಬರೆ’ ಎಂದರೆ ಮಗು ಅಜ್ಜಿಯನ್ನು ಕೇಳಲೇಬೇಕು. ಒಬ್ಬಳು ಹುಡುಗಿ ನೆನೆಸಿದ್ದು, ಬಟ್ಟೆಯಲ್ಲಿ ಕಟ್ಟಿದ್ದು, ಹುರಿದದ್ದು ಎಲ್ಲ ಬರೆದು ಅಜ್ಜಿಗೆ ಓದಿ ಹೇಳಿದಳಂತೆ. ‘ಒಣಗಿಸೋದೇ ಬಿಟ್ಟಿದ್ದೀಯಲ್ಲೇ’ ಎಂದು ಅಜ್ಜಿ ನಕ್ಕರಂತೆ. ಆ ಅಜ್ಜಿಗೆ ಅಕ್ಷರ ಬಾರದು. ಆದರೂ ಆ ವಾರದ ಅತ್ಯುತ್ತಮ ತಿದ್ದುಪಡಿ ಅವರದೇ. ಓದು ಬಾರದ ಪೋಷಕರಿಂದ ಪುಸ್ತಕಕ್ಕೆ ಸಹಿ ಕೇಳುವುದಕ್ಕಿಂತ, ಬರೆದದ್ದನ್ನು ಅವರಿಗೆ ಓದಿ ಹೇಳಿಸುವುದು ಎಷ್ಟೋ ಮೇಲು.

ಇನ್ನು ಶಿಕ್ಷಕರ ಕೆಲಸ. ನಿಮ್ಮ ಗಮನವೆಲ್ಲ ಇಲ್ಲಿರಲಿ. ಪುಸ್ತಕದ ತುಂಬ ಕೆಂಪು ಶಾಯಿ ಎಳೆದರೆ ಮುಂದಿನ ವಾರ ಆ ಮಗು ತಪ್ಪಾಗದಷ್ಟೇ, ಅಂದರೆ ಮೂರೇ ಸಾಲು ಬರೆಯುತ್ತದೆ. ನಾನು ಪ್ರತಿ ಬರಹದ ಕೆಳಗೆ ಒಂದೇ ಒಂದು ಪ್ರಶ್ನೆ ಬರೆಯುತ್ತೇನೆ. ನನಗೆ ನಿಜವಾಗಿಯೂ ಉತ್ತರ ಬೇಕೆನಿಸಿದ ಪ್ರಶ್ನೆ. ಒಬ್ಬ ಹುಡುಗ ‘ಬೆಳಿಗ್ಗೆ ಡೈರಿಗೆ ಹಾಲು ಹಾಕಿದೆ. ಮನೆಗೆ ಬಂದೆ’ ಎಂದಷ್ಟೇ ಬರೆದಿದ್ದ. ‘ಡಿಗ್ರಿ ಕಡಿಮೆ ಬಂದರೆ ಏನು ಮಾಡುತ್ತಾರೆ?’ ಎಂದು ಕೇಳಿದೆ. ಮುಂದಿನ ಸಲ ಒಂದೂವರೆ ಪುಟ ಬಂತು: ನೀರು ಬೆರೆತರೆ ಡಿಗ್ರಿ ಹೇಗೆ ಇಳಿಯುತ್ತದೆ, ಫ್ಯಾಟಿಗೂ ದುಡ್ಡಿಗೂ ಏನು ಸಂಬಂಧ, ಹಾಲು ವಾಪಸಾದ ದಿನ ಅಮ್ಮ ಯಾಕೆ ಮಾತಾಡಲಿಲ್ಲ. ಕಾರಣ–ಪರಿಣಾಮದ ವಿವರಣೆಯನ್ನು ಪಾಠಯೋಜನೆಯ ಉದ್ದೇಶಗಳಲ್ಲಿ ಎಷ್ಟು ಸಲ ಬರೆದಿದ್ದೇವೆ! ಇಲ್ಲಿ ಅದು ತಾನಾಗಿ ಬಂದಿತ್ತು.

ಹಾಗೆಂದು ತಪ್ಪುಗಳನ್ನು ಬಿಟ್ಟುಬಿಡುವುದೇ ಎಂದು ಕೇಳುವಿರಿ. ಬಿಡುವುದಿಲ್ಲ, ವಾರಕ್ಕೊಂದು ಬಗೆ. ಒಮ್ಮೆ ಅಲ್ಪಪ್ರಾಣ–ಮಹಾಪ್ರಾಣ, ಒಮ್ಮೆ ಒತ್ತಕ್ಷರ, ಇನ್ನೊಮ್ಮೆ ಅಕಾರ–ಹಕಾರ. ಆ ಬಗೆಯ ತಪ್ಪಿರುವ ಸಾಲಿನ ಅಂಚಿನಲ್ಲಿ ಚುಕ್ಕೆಯಿಡುತ್ತೇನೆ, ಹುಡುಕುವುದು ಮಗುವಿಗೇ ಬಿಟ್ಟದ್ದು. ಆಡುಮಾತಿನಲ್ಲಿ ಬರೆದರೆ ಮೊದಲ ಸಲ ಹಾಗೇ ಇರಲಿ. ‘ಹಾಕ್ತೀವಿ’ಯನ್ನು ‘ಹಾಕುತ್ತೇವೆ’ ಮಾಡುವುದು ಎರಡನೇ ಪ್ರತಿಯ ಕೆಲಸ. ಮೊದಲೇ ತಡೆದರೆ ಹೇಳಬೇಕೆಂದದ್ದೇ ಮರೆತುಹೋಗುತ್ತದೆ.

ಸಮಯದ ಮಾತು ಚಿಕ್ಕದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಯಾವ ಇಪ್ಪತ್ತು ನಿಮಿಷ ಎಂಬುದನ್ನು ಹೆಣ್ಣುಮಕ್ಕಳ ತಾಯಂದಿರೊಂದಿಗೆ ಮಾತಾಡಿಯೇ ಗೊತ್ತುಮಾಡಿ. ಶಾಲೆಯಿಲ್ಲವೆಂದರೆ ಪಾತ್ರೆ, ನೀರು, ತಮ್ಮನನ್ನು ನೋಡಿಕೊಳ್ಳುವುದು ಎಲ್ಲ ಅವರ ಪಾಲಿಗೇ ಬರುತ್ತದೆ.

ಪರೀಕ್ಷೆಯ ಪತ್ರಲೇಖನಕ್ಕೂ ಇದೇ ಪುಸ್ತಕ ಒದಗುತ್ತದೆ. ಕಲ್ಪಿತ ವಿಳಾಸಕ್ಕೆ ಬರೆಸಬೇಡಿ. ಬೀದಿದೀಪ ಕೆಟ್ಟಿದ್ದರೆ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಅರ್ಜಿ ಬರೆಯಲಿ. ವಿಷಯ, ದಿನಾಂಕ, ಸಹಿ ಎಲ್ಲ ಕ್ರಮವಾಗಿರಲಿ. ಮನೆಯ ಹಿರಿಯರೊಡನೆ ಹೋಗಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಲಿ. ಅರ್ಜಿಯ ನಕಲನ್ನು ಪುಸ್ತಕದಲ್ಲೇ ಅಂಟಿಸಿ. ಮುಂದಿನ ಹದಿನೈದು ದಿನದ ಬರಹಕ್ಕೆ ಬೇರೆ ವಿಷಯ ಹುಡುಕಬೇಕಿಲ್ಲ. ಆ ಅರ್ಜಿ ಏನಾಯಿತೆಂದು ಕೇಳಿದರಾಯಿತು.