ವ್ಯಾಜ್ಯಕ್ಕೆ ಯಾವ ಬಾಗಿಲು?

ದಾವೆ ಹೂಡುವವನು ತನ್ನ ಪಕ್ಷದ ನ್ಯಾಯವನ್ನೇ ಚಿಂತಿಸುವನು. ಕಾಯಿದೆಯಾದರೋ ಅದಕ್ಕೂ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ: ಇದನ್ನು ವಿಚಾರಿಸುವ ಅಧಿಕಾರ ಯಾರಿಗೆ? ದೊಡ್ಡ ದೊಡ್ಡ ಹಣಕಾಸಿನ ಸಂಸ್ಥೆಗಳೂ ಈ ಹೊಸ್ತಿಲಿನಲ್ಲಿಯೇ ತಡೆದು ನಿಂತುದುಂಟು.

ಬೆಂಗಳೂರಿನಲ್ಲಿ ಮುಖ್ಯ ಕಛೇರಿಯುಳ್ಳ ಕೆನರಾ ಬ್ಯಾಂಕಿಗೂ ನ್ಯೂಕ್ಲಿಯರ್ ಪವರ್ ಕಾರ್ಪೊರೇಷನ್ನಿಗೂ ಬಾಂಡುಗಳ ನೋಂದಣಿಯ ವಿಷಯದಲ್ಲಿ ತಕರಾರು ಹುಟ್ಟಿ, ಕಂಪನಿ ಲಾ ಬೋರ್ಡಿನ ಮುಂದೆ ಬಂದಿತು. 1991ರ ಏಪ್ರಿಲ್ 1ರಿಂದ 1992ರ ಜೂನ್ 6ರ ವರೆಗೆ ನಡೆದ ಷೇರು, ಬಾಂಡುಗಳ ವ್ಯವಹಾರದಲ್ಲಿ ಕಸ್ಟೋಡಿಯನ್ ಅಧಿಸೂಚನೆಯಲ್ಲಿ ಹೆಸರಿಸಿದವರು ಸೇರಿದ್ದರೆ, ಬೇರೆ ನ್ಯಾಯಾಲಯಗಳಲ್ಲಿರುವ ದಾವೆಗಳೆಲ್ಲವೂ ಮುಂಬಯಿಯ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕೆಂದು ಕಾಯಿದೆಯಿತ್ತು. ಬೋರ್ಡು ‘ನ್ಯಾಯಾಲಯ’ವೆನಿಸುವುದೇ? ಹೌದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಷ್ಟು ವಾದದಿಂದ ಇತ್ಯರ್ಥವಾದುದು ಬಾಗಿಲು ಯಾವುದೆಂಬುದು ಮಾತ್ರ!

ದೊಡ್ಡಬಳ್ಳಾಪುರದ ನೇಕಾರನಿಗೂ ದೇವನಹಳ್ಳಿಯ ರೈತನಿಗೂ ಇದರಿಂದೇನೆಂದು ವಾಚಕರು ಕೇಳಬಹುದು. ಅವರು ಸಹಿ ಹಾಕುವ ಸಾಲಪತ್ರದ ಕೊನೆಯಲ್ಲಿಯೂ ಇಂಥದೇ ಒಂದು ಸಾಲು ಅಡಗಿರುತ್ತದೆ. 1908ರ ಸಿವಿಲ್ ಪ್ರೊಸೀಜರ್ ಕೋಡಿನಂತೆ, ಸ್ಥಿರಾಸ್ತಿಯ ದಾವೆಯು ಸಾಮಾನ್ಯವಾಗಿ ಆಸ್ತಿಯಿರುವಲ್ಲಿ ನಡೆಯತಕ್ಕದ್ದು. ಬರಿಯ ಹಣದ ದಾವೆಯನ್ನು ಪ್ರತಿವಾದಿಯು ವಾಸಿಸುವಲ್ಲಿ, ಇಲ್ಲವೆ ದಾವೆಗೆ ಕಾರಣ ಹುಟ್ಟಿದಲ್ಲಿ ಹೂಡಬಹುದು. ಹೀಗೆ ಎರಡು ಊರುಗಳಿಗೆ ಅಧಿಕಾರವಿದ್ದರೆ, ಉಭಯರೂ ಒಪ್ಪಿ ಒಂದನ್ನೇ ಆರಿಸಿಕೊಳ್ಳಬಹುದು. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಒಪ್ಪಂದದಿಂದ ಅಧಿಕಾರ ಬಾರದು. ಇದು 1971ರ ತೀರ್ಪು. ಜಯಪುರದ ವ್ಯವಹಾರವೊಂದರ ಕರಾರಿನಲ್ಲಿ ಕಲ್ಕತ್ತೆಯ ಹೆಸರಿತ್ತು. ‘ಮಾತ್ರ’ ಎಂಬ ಪದವಿಲ್ಲದಿದ್ದರೂ ಕಲ್ಕತ್ತೆಗೇ ಹೋಗಬೇಕೆಂದು 2013ರಲ್ಲಿ ತೀರ್ಮಾನವಾಯಿತು. ಮನೆಬಾಗಿಲಿನ ನ್ಯಾಯಸ್ಥಾನವು ಒಂದು ಸಹಿಯಿಂದ ದೂರವಾಗುವುದೆಂದರೆ ಹೀಗೆ.

ಇನ್ನೊಂದು ಎಚ್ಚರಿಕೆ. ಸ್ಥಳದ ತಕರಾರನ್ನು ಮೊದಲ ನ್ಯಾಯಾಲಯದಲ್ಲಿಯೇ, ವಾದಾಂಶಗಳು ಗೊತ್ತಾಗುವ ಮುನ್ನವೇ ಎತ್ತಬೇಕು. ಸೋತ ಬಳಿಕ ಅಪೀಲಿನಲ್ಲಿ ಅದನ್ನು ಹೊಸದಾಗಿ ಎತ್ತಿದರೆ ಫಲವಿಲ್ಲ. ಆದರೆ ಆ ಬಗೆಯ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲದಿದ್ದರೆ, ಅದರ ಡಿಕ್ರಿಯು ಎಂದಿಗೂ ಊರ್ಜಿತವಾಗದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಬಡ್ಡಿಯ ದರವನ್ನು ನೋಡುವಷ್ಟೇ ಗಮನದಿಂದ, ನ್ಯಾಯಾಲಯದ ಊರಿನ ಹೆಸರನ್ನೂ ಓದಿರಿ. ಸಮನು ಬಂದರೆ ಅದನ್ನು ಗೂಡಿನಲ್ಲಿಡದೆ ಅಂದೇ ವಕೀಲರಿಗೆ ತೋರಿಸಿರಿ.