ಕೀಲು ಬದಲಾವಣೆಯ ನಂತರ ಮನೆಯವರ ಹೊಣೆ



ಸಂತೇಬೆನ್ನೂರಿನ ಪುಷ್ಕರಿಣಿಯ ಮೆಟ್ಟಿಲುಗಳನ್ನು ಎಳೆಯ ವಯಸ್ಸಿನಲ್ಲಿ ಸಲೀಸಾಗಿ ಹತ್ತಿಳಿದವರೇ ಇಂದು ಮನೆಯ ಹೊಸ್ತಿಲು ದಾಟಲಾರದೆ ಜಗುಲಿಯಲ್ಲಿ ಕುಳಿತಿರುವುದನ್ನು ನೀವು ಕಂಡಿರಬಹುದು. ವಯಸ್ಸಾದಂತೆ ಮಂಡಿಯೊಳಗಿನ ಮೃದುವಾದ ಪದರ ಸವೆದು, ಮೂಳೆಗೆ ಮೂಳೆ ಉಜ್ಜಿ ನೋವುಂಟಾಗುತ್ತದೆ. ಔಷಧಿ, ವ್ಯಾಯಾಮಗಳಿಂದ ಗುಣ ಕಾಣದಿದ್ದಾಗ ವೈದ್ಯರು ಸವೆದ ಭಾಗವನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಜೋಡಿಸುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರವು ಕೃತಕ ಮಂಡಿಕೀಲಿನ ಬೆಲೆಗೆ ಮಿತಿಯನ್ನು ಗೊತ್ತುಪಡಿಸಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯಬಹುದಾದ ನೆರವನ್ನು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಆದರೆ ಕೀಲನ್ನು ಜೋಡಿಸುವುದು ವೈದ್ಯರ ಕೆಲಸ. ಆ ಕಾಲನ್ನು ನಡೆಸುವುದು ಮನೆಯವರ ಕೆಲಸ. ಮನೆಯವರ ಒತ್ತಾಸೆ ಇರುವವರು ಬೇಗ ಚೇತರಿಸಿಕೊಳ್ಳುತ್ತಾರೆಂಬುದು ವೈದ್ಯರ ಅನುಭವ.

ಯಾವುದು ನಿಜವಾದ ನೆರವು?

ನಿಮ್ಮ ತಾಯಿಗೋ ಅತ್ತೆಗೋ ಶಸ್ತ್ರಚಿಕಿತ್ಸೆಯಾಗಿದೆ ಎಂದು ಭಾವಿಸಿರಿ. "ಪಾಪ, ನೋವು, ಮಲಗಿರಲಿ" ಎಂದು ಎಲ್ಲವನ್ನೂ ಹಾಸಿಗೆಗೇ ತಂದುಕೊಡುವುದು ಪ್ರೀತಿಯಂತೆ ಕಂಡರೂ ಅಪಕಾರವೇ ಸರಿ. ಮಲಗಿಯೇ ಇದ್ದರೆ ಮಂಡಿ ಬಿಗಿದುಕೊಳ್ಳುತ್ತದೆ. ತೊಡೆಯ ಸ್ನಾಯುಗಳು ಸೊರಗುತ್ತವೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಆದುದರಿಂದಲೇ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ.

ಅವರೇ ಮಾಡಬೇಕಾದುದನ್ನು ಅವರಿಂದಲೇ ಮಾಡಿಸಿ; ನೀವು ಪಕ್ಕದಲ್ಲಿ ನಿಲ್ಲಿರಿ. ಹೇಳಿಕೊಟ್ಟ ವ್ಯಾಯಾಮಕ್ಕೆ ಹೊತ್ತು ಗೊತ್ತುಮಾಡಿ. ನೋವಿನ ಮಾತ್ರೆಯನ್ನು ವೇಳೆಗೆ ಸರಿಯಾಗಿ ಕೊಟ್ಟರೆ ವ್ಯಾಯಾಮ ಸುಲಭವಾಗುತ್ತದೆ. ಮಂಡಿಯ ಕೆಳಗೆ ದಿಂಬನ್ನು ಇಡಕೂಡದು, ಕಾಲು ನೆಟ್ಟಗಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮುಂದು ಎಂಬುದನ್ನು ನೆನಪಿಸಿ.

ಮನೆಯಲ್ಲಿ ಸಿದ್ಧತೆ

ಸಾಧ್ಯವಾದರೆ ಅಡಿಕೆ ಕೊಯ್ಲು, ಭತ್ತದ ನಾಟಿಯ ಕಾಲವನ್ನು ಬಿಟ್ಟು, ಮನೆಯವರಿಗೆ ಬಿಡುವಿರುವಾಗ ಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಿ. ನೆಲದ ಹಾಸಿಗೆಯ ಬದಲು ಮಂಚ, ಕೈಯಿರುವ ಎತ್ತರದ ಕುರ್ಚಿ, ಕುಳಿತು ಬಳಸುವ ಶೌಚದ ಕುರ್ಚಿ ಇವು ಮೊದಲೇ ಬರಲಿ. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆಯಿರಿ. ಸೊಂಟದ ಕೀಲು ಬದಲಾಯಿಸಿದವರು ವೈದ್ಯರು ಹೇಳುವವರೆಗೆ ಕುಕ್ಕರಗಾಲಿನಲ್ಲಾಗಲಿ, ಚಕ್ಕಂಬಕ್ಕಲ ಹಾಕಿಯಾಗಲಿ ಕುಳಿತುಕೊಳ್ಳಕೂಡದು.

ಭಾರವೆಲ್ಲ ಒಬ್ಬರ ಮೇಲಲ್ಲ

ಆರೈಕೆ ಸೊಸೆಯ ಪಾಲಿನದೆಂದು ಬಿಟ್ಟುಬಿಡುವುದು ಸರಿಯಲ್ಲ. ಬೆಳಗಿನ ನಡಿಗೆಗೆ ಮಗ, ಸಂಜೆಯದಕ್ಕೆ ಮೊಮ್ಮಕ್ಕಳು ಜೊತೆಯಾಗಲಿ. ತಪಾಸಣೆಗೆ ದಾವಣಗೆರೆಗೆ ಕರೆದೊಯ್ಯುವ ದಿನ ನೆರೆಯವರು ದನಕರುಗಳನ್ನು ನೋಡಿಕೊಂಡರೆ ಅದೂ ಚಿಕಿತ್ಸೆಯ ಒಂದು ಭಾಗವೇ. "ಈ ವಯಸ್ಸಿನಲ್ಲಿ ಇದೇಕೆ ಬೇಕಿತ್ತು?" ಎಂಬ ಮಾತು ರೋಗಿಯ ಧೈರ್ಯವನ್ನು ಕುಂದಿಸುತ್ತದೆ. ಅದರ ಬದಲು, ಹಿಂದೆ ಇದೇ ಚಿಕಿತ್ಸೆ ಮಾಡಿಸಿಕೊಂಡು ಈಗ ನಡೆದಾಡುತ್ತಿರುವವರನ್ನು ಕರೆತಂದು ಮಾತನಾಡಿಸಿ.

ತಡಮಾಡದಿರಿ

ಗಾಯದಲ್ಲಿ ಕೀವು ಅಥವಾ ಹೆಚ್ಚುತ್ತಿರುವ ಕೆಂಪು, ಜ್ವರ, ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿರಿ. ಎದೆನೋವು ಅಥವಾ ಉಸಿರಾಟದ ತೊಂದರೆಯಾದರೆ ಒಡನೆಯೇ 108ಕ್ಕೆ ಕರೆಮಾಡಿರಿ. ಊದಿದ ಮೀನಖಂಡವನ್ನು ತಿಕ್ಕಬೇಡಿ. ಗಾಯಕ್ಕೆ ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬೇಡಿ.

ಪೂರ್ಣ ಚೇತರಿಕೆಗೆ ಹಲವು ತಿಂಗಳು ಬೇಕಾಗುತ್ತದೆ. ಅವಸರವೂ ಬೇಡ, ಆಲಸ್ಯವೂ ಬೇಡ. ಇಂದು ಮಂಚದಿಂದ ಬಾಗಿಲವರೆಗೆ, ನಾಳೆ ಜಗುಲಿಯವರೆಗೆ, ಮುಂದೆ ಓಣಿಯ ತುದಿಯವರೆಗೆ. ನಿಮ್ಮನ್ನು ಕೈಹಿಡಿದು ನಡೆಯಲು ಕಲಿಸಿದವರಿಗೆ ನೀವು ಮರಳಿ ಸಲ್ಲಿಸಬಹುದಾದ ಸೇವೆ ಇದಕ್ಕಿಂತ ಬೇರಿಲ್ಲ.